ಉಮ್ಮೆ ಹಾನಿಯ ಎಡಗೈ

ನಮ್ಮ ಊರಿನ ಮೋಮಿನಪುರ ಓಣಿಯಲ್ಲಿ ಉಮ್ಮೆ ಹಾನಿ ಎಲ್ಲಿ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಮದುವೆ ಜೋಡಾ ಹೊಲಿಯುವ ಆಪಾ ಎನ್ನಬೇಕು. ಆಗ ಚಹಾದಂಗಡಿಯವನು, ಪಂಕ್ಚರ್ ಹಾಕುವವನು, ಕಟ್ಟೆಯ ಮೇಲೆ ಕುಳಿತ ಮುದುಕರು ಎಲ್ಲರೂ ಒಂದೇ ಗಲ್ಲಿಯ ಕಡೆ ಕೈ ಚಾಚುತ್ತಾರೆ. ಜೋಡಾ ಅಂದರೆ ಮದುಮಗಳ ಉಡುಪು; ಅದರ ಕೆಂಪು ದುಪಟ್ಟಾದ ಮೇಲೆ ಜರಿಯಲ್ಲಿ ಹೂ ಬಳ್ಳಿ ಕೂರಿಸುವುದು ಆಕೆಯ ಕಸುಬು. ಅದರಲ್ಲಿ ಆಕೆಯನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ಹೊಗಳುವುದರಲ್ಲಿ ನಾನು ಶುದ್ಧ ಜಿಪುಣಿ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಮಕ್ಕಳ ಹಾಳೆಯ ಮೇಲೆ ‘ಚೆನ್ನಾಗಿದೆ’ ಎಂದು ಬರೆಯುವಷ್ಟರಲ್ಲಿ ನನ್ನ ಪೆನ್ನಿಗೆ ಸುಸ್ತಾಗುತ್ತಿತ್ತು. ಅಂಥವಳು ಹೇಳುತ್ತಿದ್ದೇನೆ, ನಂಬಿ.

ನೋಡಲು ಸಣಕಲು ಹೆಂಗಸು. ಕನ್ನಡಕ ಯಾವಾಗಲೂ ಮೂಗಿನ ತುದಿಯಲ್ಲಿ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡು, ನನಗೆ ಸಕ್ಕರೆ ಕಾಯಿಲೆ ಇಲ್ಲ ನೋಡ್ರಿ ಎಂದು ನನ್ನ ಹೊಟ್ಟೆ ಉರಿಸುತ್ತಾಳೆ. ನನಗಿಂತ ಏಳೆಂಟು ವರ್ಷ ಚಿಕ್ಕವಳಾದರೂ ಆಕೆಗೆ ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಮಾತು ಕಡಿಮೆ. ಆದರೆ ಬಣ್ಣದ ವಿಷಯ ಬಂದರೆ ಮುಲಾಜು ನೋಡುವುದಿಲ್ಲ. ಒಮ್ಮೆ ನಾನು ವಾರಗಟ್ಟಲೆ ಒದ್ದಾಡಿ ಮಾಡಿದ ಬಟ್ಟೆಯ ಚಿತ್ರವೊಂದನ್ನು ಮುಂದೆ ಹಿಡಿದಾಗ ಆಕೆ ಬಹಳ ಹೊತ್ತು ನೋಡಿ, “ಟೀಚರ್, ಈ ಹಸಿರಿಗಿ ಜ್ವರ ಬಂದದ ಏನ್ರಿ?” ಎಂದಳು. ಸಿಟ್ಟು ನೆತ್ತಿಗೇರಿತು. ಮನೆಗೆ ಹೋಗಿ ಹಸಿರು ಬದಲಿಸಿದೆ.

ನಮ್ಮದೊಂದು ಗುಂಪು ಇದೆ. ಹೆಸರು ಚಿಂದಿ ಸಭೆ. ಹೆಸರಿಟ್ಟವರು ನನ್ನ ಗಂಡ ಸುಧಾಕರ. ಅಣಕಿಸಲು ಇಟ್ಟದ್ದನ್ನು ನಾವು ಸಂತೋಷದಿಂದ ಇಟ್ಟುಕೊಂಡೆವು. ನಿವೃತ್ತಿಯಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಹಳೆ ಸೀರೆ, ಪತ್ರಿಕೆ ನೆನೆಸಿ ರುಬ್ಬಿ ಮಾಡಿದ ಹಾಳೆ, ಚಹಾದ ಚರಟದ ಬಣ್ಣ, ತೊಗರಿ ಕಟ್ಟಿಗೆ, ಇವನ್ನೆಲ್ಲ ಒಂದೇ ಬಟ್ಟೆಯ ಮೇಲೆ ಅಂಟಿಸಿ, ಹೊಲಿದು, ಗೋಡೆಗೆ ತೂಗುಹಾಕುವ ಹುಚ್ಚು. ಆಗ ಜರಿ ಬಳ್ಳಿಗೆ ಹೊಸ ನಕ್ಷೆ ಬರೆಸಿಕೊಳ್ಳಲೆಂದು ಆಪಾ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಗೆ ಬಂದಳು. ಕಮಲಾಪುರದ ಶೇವಂತಾ ಅದಕ್ಕಿಂತ ಮೊದಲೇ ಒಂದು ತರಬೇತಿ ಶಿಬಿರದಲ್ಲಿ ಗಂಟುಬಿದ್ದಿದ್ದಳು. ಆಕೆ ಅಲ್ಲಿನ ಅಂಗನವಾಡಿ ಕಾರ್ಯಕರ್ತೆ. ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಅದಕ್ಕಿಂತ ಎತ್ತಿದ ಬಾಯಿ. ಹೀಗೆ ಮೂವರು ಖಾಯಂ ಸದಸ್ಯರು, ಉಳಿದವರು ಬಂದುಹೋಗುವವರು. ಒಂದು ಭಾನುವಾರ ನಮ್ಮ ಮನೆಯ ಪಡಸಾಲೆ, ಇನ್ನೊಂದು ಭಾನುವಾರ ಕಮಲಾಪುರ. ಕಟ್ಟಳೆ ಒಂದೇ: ತನಗೆ ಬರುವುದನ್ನು ಉಳಿದವರಿಗೆ ಕಲಿಸಬೇಕು, ಬಚ್ಚಿಟ್ಟುಕೊಳ್ಳಬಾರದು.

ಶೇವಂತಾ ಬಚ್ಚಿಡುವ ಜಾತಿಯವಳೇ ಅಲ್ಲ. ಕಮಲಾಪುರದ ಕೆಂಪು ಬಾಳೆ ಗೊನೆ ಕಡಿದ ಮೇಲೆ ತೋಟದಲ್ಲಿ ಬಿದ್ದು ಕೊಳೆಯುವ ದಿಂಡನ್ನು ಎಳೆತಂದು, ಪದರ ಬಿಡಿಸಿ, ಹಲಗೆಯ ಮೇಲಿಟ್ಟು ಮೊಂಡು ಚೂರಿಯಿಂದ ಹೆರೆದು ಆಕೆ ನಾರು ತೆಗೆಯುತ್ತಾಳೆ. ತೊಳೆದು ನೆರಳಲ್ಲಿ ಒಣಗಿಸಿದರೆ ಅದು ಮಿರಮಿರ ಮಿಂಚುತ್ತದೆ. ಮೊದಲ ಭಾನುವಾರವೇ ನಮ್ಮನ್ನು ಹಿತ್ತಿಲಿನಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿ ನಾರು ಹೆರೆಸಿದಳು. ನನ್ನ ಒಳ್ಳೆಯ ಸೀರೆಗೆ ಬಾಳೆಯ ಕರೆ ಹತ್ತಿ ಅದು ಇವತ್ತಿಗೂ ಹೋಗಿಲ್ಲ.

ತೊಡಕು ಬಂದದ್ದು ಆ ನಾರಿನಿಂದ ಕಸೂತಿ ಮಾಡಲು ಹೊರಟಾಗ. ಸೂಜಿಯಲ್ಲಿ ಪೋಣಿಸಿ ಎಳೆದರೆ ಬಟ್ಟೆಯೊಳಗೆ ಹಾಯುವಾಗ ಸೀಳಿ ಪುಡಿಯಾಗುತ್ತಿತ್ತು. ಶೇವಂತಾ ಎಣ್ಣೆ ಸವರಿದಳು, ಮೇಣ ಸವರಿದಳು, ಕೊನೆಗೆ ಬೈಗುಳವನ್ನೂ ಸವರಿದಳು. ಆಪಾ ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದಳು:

“ಇದನ್ನ ಸೂಜಿಯಾಗ ಪೋಣಿಸಬ್ಯಾಡ್ರಿ ಶೇವಂತಾ. ಜರಿ ಏನು ಬಟ್ಟಿ ಒಳಗ ಹೋಗ್ತದ? ಮ್ಯಾಲ ಮಲಗಸ್ರಿ, ರಾಣಿ ಹಂಗ. ಅದರ ಮ್ಯಾಲಿಂದ ಸಣ್ಣ ರೇಷ್ಮಿ ದಾರದಲೆ ಅಲ್ಲಲ್ಲಿ ಹಿಡೀರಿ, ಸಾಕು.”

“ಹಂಗಂದ್ರ ಹ್ಯಾಂಗ? ಮಾಡಿ ತೋರಸ್ರಿ ಆಪಾ,” ಎಂದು ಶೇವಂತಾ ಸೂಜಿ ಮುಂದೆ ಹಿಡಿದಳು.

ಆಪಾ ಸೂಜಿ ಮುಟ್ಟಲಿಲ್ಲ. “ಮನಿಗಿ ಒಯ್ದು ಮಾಡ್ಕೊಂಡು ಬರ್ತೀನಿ,” ಎಂದಳು. ಮುಂದಿನ ಭಾನುವಾರ ತಂದಳು. ಒಂದು ರಟ್ಟಿನ ಮೇಲೆ ಬಟ್ಟೆಯ ತುಂಡುಗಳನ್ನು ಸಾಲಾಗಿ ಅಂಟಿಸಿದ್ದಳು. ಮೊದಲಿನದರಲ್ಲಿ ಬರಿಯ ನಾರು ಮಲಗಿಸಿದ್ದು, ಎರಡನೆಯದರಲ್ಲಿ ಒಂದೇ ಹೊಲಿಗೆ, ಹೀಗೆ ಹಂತ ಹಂತವಾಗಿ ಕೊನೆಗೆ ಪೂರ್ತಿ ಎಲೆ. ಬಾಳೆಯ ನಾರು ಹಳೆ ಜರಿಯ ಹಾಗೆ ಹೊಳೆಯುತ್ತಿತ್ತು. ನನಗೆ ನಿಜವಾಗಿಯೂ ಕಣ್ಣು ತುಂಬಿತು. ತೋಟದಲ್ಲಿ ಕೊಳೆಯಬೇಕಾದ ದಿಂಡು, ಮದುಮಗಳ ಸೆರಗಿನ ಕೆಲಸ, ಎರಡೂ ಒಂದೇ ಅಂಗೈಯಗಲ ಬಟ್ಟೆಯಲ್ಲಿ ಸೇರಿಕೊಂಡಿದ್ದವು.

ಆದರೆ ಶೇವಂತಾಗೆ ಸಮಾಧಾನವಾಗಲಿಲ್ಲ. ಎಷ್ಟೋ ಭಾನುವಾರ ಕಳೆದರೂ ಆಪಾ ನಮ್ಮೆದುರು ಒಂದೇ ಒಂದು ಹೊಲಿಗೆ ಹಾಕಲಿಲ್ಲ. ಎಲ್ಲರಿಗೂ ಸೂಜಿಗೆ ದಾರ ಪೋಣಿಸಿ ಕೊಡುವುದು, ಗಂಟು ಬಿಡಿಸುವುದು, ತಪ್ಪು ತೋರಿಸುವುದು, ಚಹಾ ಕುಡಿಯುವುದು, ಇಷ್ಟೇ. ಸೂಜಿ ಮೊನೆಯ ಕೆಲಸವೆಲ್ಲ ಮನೆಯಲ್ಲಿ. “ನಾ ನನ್ನ ನಾರಿನ ಪುರಾಣ ಪೂರಾ ಬಿಚ್ಚಿ ಹೇಳೀನಿ ಅಕ್ಕೋರ,” ಎಂದು ಶೇವಂತಾ ಒಂದು ದಿನ ನನ್ನ ಹತ್ತಿರ ಗೊಣಗಿದಳು. “ಆಪಾಂದು ಮನಿತನದ ಗುಟ್ಟು ಅಂತ ಕಾಣ್ತದ. ಕೈ ತೋರಸಲಾರದ ಗುರು ಎಂಥಾ ಗುರು?”

ಕಾರಣ ನನಗೆ ಗೊತ್ತಾದದ್ದು ಹೇಳದೆ ಕೇಳದೆ ಆಕೆಯ ಮನೆಗೆ ನುಗ್ಗಿದ ದಿನ. ರೇಷ್ಮೆ ದಾರ ಮುಗಿದಿತ್ತು, ಕೇಳಿ ತರೋಣವೆಂದು ಹೋದೆ. ಆಕೆಯ ಗಂಡ ಬುರ್ಹಾನುದ್ದೀನ್ ಸಾಹೇಬರು ಹೊರಗೆ ಪೇಪರು ಓದುತ್ತಿದ್ದರು. ಮೇಲೆ ಅದಾಳ ಎಂದರು. ತಡೀರಿ ಎನ್ನುವಷ್ಟರಲ್ಲಿ ನಾನು ಮೆಟ್ಟಿಲು ಹತ್ತಿಯಾಗಿತ್ತು. ಮಹಡಿಯ ಕೋಣೆಯ ಬಾಗಿಲು ಅಂದು ತೆರೆದೇ ಇತ್ತು. ಒಳಗೆ ಮಂಚದಷ್ಟು ಉದ್ದದ ಮರದ ಚೌಕಟ್ಟು, ಅದಕ್ಕೆ ಬಿಗಿದ ಕೆಂಪು ಬಟ್ಟೆ. ಆಪಾ ತಲೆ ತಗ್ಗಿಸಿ ಕುಳಿತಿದ್ದಳು. ಬಲಗೈ ಬಟ್ಟೆಯ ಕೆಳಗೆ ದಾರ ಹಿಡಿದಿತ್ತು. ಮೇಲೆ ಎಡಗೈಯಲ್ಲಿ ಸೂಜಿ ಟಕಟಕ ಕುಣಿಯುತ್ತಿತ್ತು. ನಾನು ಅಷ್ಟು ಚುರುಕಾದ ಕೈಯನ್ನು ನೋಡಿಯೇ ಇಲ್ಲ. ನನ್ನ ನೆರಳು ಬಿದ್ದದ್ದೇ ತಡ, ಆಕೆ ದುಪಟ್ಟಾ ಎಳೆದು ಕೈ ಮುಚ್ಚಿಕೊಂಡಳು.

ಕದ್ದ ಮಾಲು ಮುಚ್ಚಿಟ್ಟವರ ಮುಖ ಮಾಡಿಕೊಂಡಿದ್ದಳು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

“ಇಷ್ಟಕ್ಕ ಇಷ್ಟು ದಿನ ನಾಟಕ ಮಾಡ್ದಿ ಏನು?” ಎಂದೆ.

“ಸಾವಕಾಶ ಮಾತಾಡ್ರಿ ಟೀಚರ್, ಬಾಜೂ ಮನಿಯವರಿಗಿ ಕೇಳ್ತದ,” ಎಂದಳು. ಬಾಗಿಲು ಹಾಕಿ ಬಂದು ಕುಳಿತಳು. “ಸಣ್ಣಾಕಿ ಇದ್ದಾಗ ಊಟಕ್ಕ ಕುಂತ್ರ ನಮ್ಮ ಅಮ್ಮಾ ನನ್ನ ಎಡಗೈ ದುಪಟ್ಟಾದಾಗ ಸುತ್ತಿ ನಡಕ್ಕ ಗಂಟ ಹಾಕ್ತಿದ್ಲು. ಊಟ ಬಲಗೈಗಿ ಬಂತು. ಬರಿಯೋದೂ ಬಂತು. ಸೂಜಿ ಮಾತ್ರ ಬರ್ಲಿಲ್ಲ. ಬಲಗೈಯಾಗ ಸೂಜಿ ಹಿಡದ್ರ ಅದು ಯಾರದೋ ಕೈ ಅನಸ್ತದ.”

“ಹಂಗಾದ್ರ ಕಲತಿದ್ದು ಹ್ಯಾಂಗ?”

“ಮಾಮುನ ಜರಿ ಕಾರ್ಖಾನ್ಯಾಗ. ಬಾಜೂ ಕುಂತ್ರ ನನ್ನ ಮೊಣಕೈ ಅವರ ಮೊಣಕೈಗಿ ಬಡೀತಿತ್ತು. ಅದಕ್ಕ ಚೌಕಟ್ಟಿನ ಆ ಕಡಿ, ಎದುರಿಗಿ ಕುಂತೆ. ಅವರ ಬಲಗೈ ನನ್ನ ಎಡಕ್ಕ ಬಂತು. ಕನ್ನಡಿ ನೋಡಿದಂಗ ನೋಡಿ ನೋಡಿ ಕಲತೆ. ಮಾಮು ಬಾಯಿಲೆ ಏನೂ ಅನಲಿಲ್ಲ. ಸೂಜಿ ಡಬ್ಬಿ ಮಾತ್ರ ನನ್ನ ಎಡಕ್ಕ ಸರಿಸಿ ಇಡ್ತಿದ್ರು.”

ಇದನ್ನು ಊರಿಗೆಲ್ಲ ಸಾರಬೇಕು ಎಂದು ನಾನು ಹಾರಾಡಿದೆ. ಆಪಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದಳು: “ನಾ ಮದುವಿ ಜೋಡಾ ಹೊಲಿಯಾಕಿ ಟೀಚರ್. ಎಡಗೈಲೆ ಹೊಲದಿದ್ದು ಅಂತ ಗೊತ್ತಾದ್ರ ಯಾವ ತಾಯಿ ಮಗಳ ತಲಿ ಮ್ಯಾಲ ಹಾಕ್ತಾಳ?” ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಧ್ಯಾಹ್ನ ಆಕೆ ನನ್ನನ್ನು ಚೌಕಟ್ಟಿನ ಆಚೆ ಕೂರಿಸಿಕೊಂಡು, ಎದುರಿನಿಂದ ಕೈ ತೋರಿಸಿ ನಾರು ಹಿಡಿಯುವ ಹೊಲಿಗೆ ಕಲಿಸಿದಳು. ಅಷ್ಟು ಭಾನುವಾರ ರಟ್ಟಿನ ತುಂಡು ನೋಡಿ ಬಾರದ್ದು ಚಹಾ ಆರುವುದರೊಳಗೆ ಬಂತು. ಮುಂದಿನ ವಾರ ನಾನು ಅದನ್ನು ಶೇವಂತಾಗೆ ಕಲಿಸಿದಾಗ, ನಿಮಗ ಹ್ಯಾಂಗ ಬಂತು ಅಕ್ಕೋರ ಎಂದು ಕೇಳಿದಳು. ಮೊಬೈಲಿನಲ್ಲಿ ನೋಡಿ ಕಲಿತೆ ಎಂದು ಸುಳ್ಳು ಹೇಳಿದೆ. ಆಪಾ ದಾರ ಪೋಣಿಸುತ್ತ ತಲೆ ಎತ್ತಲಿಲ್ಲ.

ಇದು ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಸನಾ ಇದ್ದಳು.

ಸನಾ ಆಪಾಳ ಮೊಮ್ಮಗಳು, ಮಗ ಅಜರನ ಮಗಳು. ಶಾಲೆಯಲ್ಲಿ ಎರಡನೇ ಇಯತ್ತೆ. ಅಜರ್ ಮದುವೆಯಾದ ಮರುವರ್ಷವೇ ಕೆಲಸಕ್ಕೆ ಹತ್ತಿರವೆಂದು ತಾಜಸುಲ್ತಾನಪುರದ ಕಡೆ ಮನೆ ಮಾಡಿಕೊಂಡಿದ್ದ. ಅವನ ಹೆಂಡತಿ ಅಂಬರೀನ್ ಒಳ್ಳೆಯ ಹುಡುಗಿ, ಅಚ್ಚುಕಟ್ಟು, ಅತ್ತೆಯೆಂದರೆ ಗೌರವ. ಅತ್ತೆ ಬಾಗಿಲು ಹಾಕಿಕೊಂಡು ಹೊಲಿಯುತ್ತಾಳೆಂದು ಗೊತ್ತು. ಏಕಾಂತ ಬೇಕೇನೋ ಎಂದು ಸುಮ್ಮನಿದ್ದವಳು. ಒಂದು ದಾವತ್ತಿನಲ್ಲಿ ಸನಾ ಎಲ್ಲರೂ ಸುತ್ತ ಕುಳಿತು ಉಣ್ಣುವ ದೊಡ್ಡ ತಾಟಿಗೆ ಎಡಗೈ ಹಾಕಿದಳಂತೆ. ನೆಂಟರಲ್ಲಿ ಯಾರೋ ತಾಟನ್ನೇ ಆ ಕಡೆ ಸರಿಸಿದರಂತೆ. ಅಂಬರೀನ್ ಆ ಅವಮಾನವನ್ನು ಮನೆಗೆ ಹೊತ್ತುಕೊಂಡು ಬಂದಳು. ಹೊಡೆಯುವ, ಕಟ್ಟಿಹಾಕುವ ತಾಯಿಯಲ್ಲ ಆಕೆ. ಅವಳು ಕಂಡುಕೊಂಡ ಉಪಾಯ ಬೇರೆ. ಶಾಲೆಯಿಂದ ಬಂದ ಕೂಡಲೇ ಮಗಳ ಎಡ ಅಂಗೈಗೆ, ಬೆರಳುಗಳಿಗೆ ದಪ್ಪಗೆ ಮೆಹೆಂದಿ ಮೆತ್ತುವುದು. ಒಣಗಿ ಉದುರದಂತೆ ಮೇಲೆ ನಿಂಬೆರಸ ಸಕ್ಕರೆ. ಆಮೇಲೆ ಆ ಕೈಯಲ್ಲಿ ಪೆನ್ಸಿಲ್ ಹಿಡಿಯುವುದು ಎಲ್ಲಿ ಬಂತು? ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲೇ ಆಗಬೇಕು.

ಮೊದಮೊದಲು ಸನಾ ಗೆಳತಿಯರಿಗೆಲ್ಲ ಕೈ ತೋರಿಸಿಕೊಂಡು ಮೆರೆದಳಂತೆ. ದಿನವೂ ಮೆಹೆಂದಿ ಯಾರಿಗುಂಟು? ಬರಬರುತ್ತ ಮೆಹೆಂದಿಯ ಕೋನ್ ಕಂಡರೆ ಅಡಗಿಕೊಳ್ಳತೊಡಗಿದಳು. ಅಕ್ಷರಗಳು ಇರುವೆಯ ಸಾಲು ಕೆದರಿದಂತಾದವು.

ಇದನ್ನೆಲ್ಲ ಆಪಾ ಒಂದು ಭಾನುವಾರ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ನನಗೊಬ್ಬಳಿಗೇ ಹೇಳಿದಳು. “ನಮ್ಮ ಅಮ್ಮಾ ಗಂಟ ಹಾಕ್ತಿದ್ಲು, ಈಕಿ ಬಣ್ಣ ಹಚ್ಚಾಕತ್ತಾಳ. ನಾ ಬಾಯಿ ಮುಚ್ಚಿಕೊಂಡು ನೋಡಾಕತ್ತೀನಿ.”

“ಬಾಯಿ ತಗೀಬೇಕವ್ವ! ಹೇಳು ಆಕಿಗಿ!”

“ಏನಂತ ಹೇಳ್ಲಿ? ಇದು ನನ್ನಿಂದ ಬಂದದ್ದು ಅಂತ? ನನ್ನ ಸೊಸಿ ನನ್ನ ಮಾರಿ ಹ್ಯಾಂಗ ನೋಡ್ತಾಳ? ಗಲ್ಲಿ ತುಂಬ ಸುದ್ದಿ ಆದ್ರ ನನ್ನ ಚೌಕಟ್ಟು ಗೋಡಿಗಿ ನಿಲ್ಲಸಬೇಕಾಗ್ತದ.” ಚಹಾದ ಲೋಟ ಕೆಳಗಿಟ್ಟು ಹೇಳಿದಳು, “ಆದ್ರ ಟೀಚರ್, ಆ ಪೋರಿ ಕೈ ನನ್ನ ಕೈಕಿಂತ ಛಲೋ ಅದ. ಕಾಗದ ಕತ್ತರಸೋದು ನೋಡ್ರಿ ಒಂದ್ಸಲ. ಅದು ಹಿಂಗೇ ಸತ್ತು ಹೋಗ್ತದ ಅನಸ್ತದ ನನಗ.” ಅಷ್ಟು ಹೇಳಿ ಅತ್ತುಬಿಟ್ಟಳು. ಆಕೆ ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಅದೇ ವರ್ಷ ಚಳಿಗಾಲದಲ್ಲಿ ಶೇವಂತಾ ಒಂದು ದೊಡ್ಡ ಕೆಲಸ ಕೈಗೆತ್ತಿಕೊಂಡಳು. ಅಂಗನವಾಡಿಯ ಮಕ್ಕಳು ಕುಳಿತುಕೊಳ್ಳಲು ಇಡೀ ಕೋಣೆಯ ಅಗಲದ ಕೌದಿ. ಅದರಲ್ಲಿ ಚಿಂದಿ ಸಭೆಯವರ ಎಲ್ಲ ವಿದ್ಯೆಯೂ ಇರಬೇಕು ಎಂದು ಹಟ. ಅಂಚಿಗೆ ಕೆಂಪು ಬಾಳೆಯ ನಾರಿನ ಜಡೆ. ನಡುನಡುವೆ ನಾನು ಬಣ್ಣ ಹಚ್ಚಿದ ತುಂಡುಗಳು: ಜೋಳದ ತೆನೆ, ಬಾವಿ, ಸೈಕಲ್ಲು, ಒಂದು ಸಿಡುಕು ಮೋರೆಯ ಕೋಳಿ. ಕೋಳಿ ನನ್ನನ್ನೇ ಹೋಲುತ್ತದೆ ಎಂದು ಶೇವಂತಾ ಊರಿಗೆಲ್ಲ ಹೇಳಿದಳು. ಮಧ್ಯಕ್ಕೆ ಆಪಾ ಮನೆಯಲ್ಲಿ ಮಾಡಿ ತರುವ ಜರಿ ಹೂವು.

ಎಲ್ಲರೂ ಸೇರಿ ಹೊಲಿಯುವುದು ಒಂದು ಭಾನುವಾರ ಎಂದು ನಿಗದಿಯಾಯಿತು. ಬಸ್ ನಿಲ್ದಾಣಕ್ಕೆ ಆಪಾ ಬಂದಾಗ ಜೊತೆಯಲ್ಲಿ ಅಂಬರೀನ್ ಮತ್ತು ಸನಾ ಇದ್ದರು. ಮಗು ಹಟ ಹಿಡಿದಿತ್ತಂತೆ. ಭಾನುವಾರವಾದರೂ ಸನಾಳ ಎಡ ಅಂಗೈ ತುಂಬ ಹಸಿ ಮೆಹೆಂದಿ. ಅದನ್ನು ಬಟ್ಟೆಗೆ ತಾಗದಂತೆ ದೂರ ಹಿಡಿದುಕೊಂಡು, ಒಂದೇ ಕೈಯಲ್ಲಿ ಬಸ್ಸು ಹತ್ತಲು ಒದ್ದಾಡಿದಳು. ಕಮಲಾಪುರದಲ್ಲಿ ಇಳಿದಾಗ ನಾನು ಅವಳಿಗೊಂದು ಕೆಂಪು ಬಾಳೆಹಣ್ಣು ಕೊಡಿಸಿದೆ. ಒಂದೇ ಕೈಯಲ್ಲಿ ಸುಲಿಯಲಾಗದೆ ಹಲ್ಲಿನಿಂದ ಸಿಪ್ಪೆ ಎಳೆದಳು. ಆಪಾ ಬೇರೆ ಕಡೆ ನೋಡುತ್ತಿದ್ದಳು.

ಅಂಗನವಾಡಿಯ ಅಂಗಳದಲ್ಲಿ ಕೌದಿ ಹಾಸಿಯಾಗಿತ್ತು. ಓಣಿಯ ಹೆಂಗಸರೂ ಬಂದಿದ್ದರು. ಸುತ್ತಲೂ ಕುಳಿತು ಹೊರ ಅಂಚಿನಿಂದ ಒಳಮುಖವಾಗಿ ಸಾಲು ಹಿಡಿದು ಹೊಲಿಯತೊಡಗಿದೆವು. ಆಪಾ ಎಂದಿನಂತೆ ಒಂದು ಮೂಲೆಯಲ್ಲಿ ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಡುತ್ತಿದ್ದಳು. ಊಟ ಮುಗಿದ ಮೇಲೆ ಶೇವಂತಾಗೆ ಹೊಸ ಹುಕಿ ಬಂತು. ಕೌದಿಯ ಮೇಲೆ ಕೂರುವವರು ಮಕ್ಕಳು, ಅವರೂ ಒಂದೊಂದು ಹೊಲಿಗೆ ಹಾಕಲಿ ಎಂದು ಓಣಿಯ ಮಕ್ಕಳನ್ನೆಲ್ಲ ಕರೆದಳು. ಮಕ್ಕಳು ನೂಕಾಡಿಕೊಂಡು ಬಂದು ಅಡ್ಡಾದಿಡ್ಡಿ ಚುಚ್ಚಿ ಹೋದರು. ಎಲ್ಲರಿಗೂ ಶಹಭಾಸ್ ಸಿಕ್ಕಿತು.

ಸನಾಳ ಸರದಿ ಬಂತು. ಬಲಗೈಯಲ್ಲಿ ಸೂಜಿ ಹಿಡಿದಳು. ಚುಚ್ಚಿದಳು, ಜಾರಿತು. ಮತ್ತೆ ಚುಚ್ಚಿದಳು, ಬೆರಳಿಗೆ ನೆಟ್ಟಿತು. ಹುಡುಗರು ಕಿಸಕ್ಕನೆ ನಕ್ಕರು. ಸನಾ ತಾಯಿಯ ಮುಖ ನೋಡಿದಳು, ಸೂಜಿ ನೋಡಿದಳು. ಆಮೇಲೆ ಏನು ತಲೆಗೆ ಹೊಳೆಯಿತೋ, ಎಡಗೈಯನ್ನು ಫ್ರಾಕಿಗೆ ಗಸಕ್ಕನೆ ಒರೆಸಿ, ಅದೇ ಕೈಯಲ್ಲಿ ಸೂಜಿ ಹಿಡಿದು ಸರಸರನೆ ಐದಾರು ಹೊಲಿಗೆ ಹಾಕಿಬಿಟ್ಟಳು. ಕೋಲು ಇಟ್ಟಂತೆ ನೆಟ್ಟಗಿದ್ದವು. ಪಕ್ಕದ ಬಿಳಿ ಧೋತರದ ತುಂಡಿನ ಮೇಲೆ ಮಾತ್ರ ಮೆಹೆಂದಿಯ ಉದ್ದನೆಯ ಕಲೆ.

“ಸನಾ!” ಎಂದು ಅಂಬರೀನ್ ಓಡಿ ಬಂದು ಮಗಳ ಮಣಿಕಟ್ಟು ಹಿಡಿದಳು.

“ಕಲಿ ಇದ್ರ ಇರವಲ್ದ್ಯಾಕ, ನಾಳಿ ಈ ಹುಡುಗ್ರು ಇದರ ಮ್ಯಾಲ ಏನೇನು ಮಾಡ್ತಾರ ಯಾರಿಗಿ ಗೊತ್ತು?” ಎಂದು ಶೇವಂತಾ ನಗಿಸಲು ನೋಡಿದಳು. ಆದರೆ ಪಕ್ಕದ ಮನೆಯ ಮುದುಕಿ ಪುತಳಾಬಾಯಿ ಬಿಡಬೇಕಲ್ಲ. “ಕಲಿದು ಅಲ್ಲವ್ವ, ಹೆಣ್ಣುಹುಡುಗಿ ಎಡಗೈಲೆ ಸೂಜಿ ಹಿಡೀಬಾರದು. ಈಗೇ ಬಿಡಸ್ರಿ,” ಎಂದಳು. ಅಂಬರೀನಳ ಮುಖ ಕೆಂಪಾಯಿತು. ದಾವತ್ತಿನ ತಾಟು ಮತ್ತೆ ಕಣ್ಣೆದುರು ಬಂದಿರಬೇಕು. ಮಗಳ ಕೈಯಿಂದ ಸೂಜಿ ಕಿತ್ತುಕೊಂಡಳು. ಸನಾ ಅಳಲಿಲ್ಲ, ಆ ಕೈಯನ್ನು ತಾನೇ ಬೆನ್ನ ಹಿಂದೆ ಅಡಗಿಸಿಕೊಂಡಳು.

ಅದನ್ನು ಆಪಾ ನೋಡಿದಳು.

ದಾರದ ಉಂಡೆ ಕೆಳಗಿಟ್ಟಳು. ಎದ್ದಳು. ಕೌದಿಯನ್ನು ತುಳಿಯದೆ ಸುತ್ತು ಹಾಕಿ ಬಂದು, ಸೊಸೆಯ ಕೈಯಿಂದ ಸೂಜಿ ತೆಗೆದುಕೊಂಡಳು. ಮೊಮ್ಮಗಳ ಪಕ್ಕದಲ್ಲಿ ಕುಳಿತು, ಎಲ್ಲರೂ ನೋಡುತ್ತಿರುವಂತೆ, ಸೂಜಿಯನ್ನು ಎಡಗೈಗೆ ದಾಟಿಸಿ, ಸನಾ ನಿಲ್ಲಿಸಿದಲ್ಲಿಂದ ಸಾಲು ಮುಂದುವರಿಸಿದಳು. ಸೂಜಿ ಮುಳುಗಿ ಏಳುವುದನ್ನೇ ನೋಡಿದೆವು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಮೊದಲು ಬಾಯಿಬಿಟ್ಟವಳು ಶೇವಂತಾ. “ಆಪಾ! ಇದೇನ್ರಿ? ನಾ ನಿಮ್ಮ ಮನಿತನದ ಗುಟ್ಟು ಅಂತ ಎಷ್ಟು ಬೈಕೊಂಡೀನಿ ನಿಮಗ!”

“ಗುಟ್ಟು ಇದೇ,” ಎಂದಳು ಆಪಾ, ತಲೆ ಎತ್ತದೆ. “ಇನ್ನ ಬೈರಿ.”

ಪುತಳಾಬಾಯಿ ಏನೋ ಹೇಳಹೊರಟಳು. ಶೇವಂತಾ ಆಕೆಯ ಕೈಗೆ ಒಂದು ಸೂಜಿ ಕೊಟ್ಟು, “ಆಯೀ, ನಿನ್ನ ಸಾಲು ಸೊಟ್ಟ ಹೊಂಟದ, ಮೊದಲು ಅದನ್ನ ನೋಡು,” ಎಂದಳು.

ಮುಂದೇನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಸುದ್ದಿ ಮೋಮಿನಪುರಕ್ಕೆ ಮುಟ್ಟಿತು. ಕೆಲವರು ಕೊಟ್ಟ ಬಟ್ಟೆ ವಾಪಸು ಒಯ್ದರು. ಆಪಾ ಊಟ ಬಿಟ್ಟು ಕುಳಿತಳು, ನಾನು ಹೋಗಿ ಬೈದು ಉಣ್ಣಿಸಿದೆ. ಆದರೆ ಅಂಥ ಕೈ ಬಿಟ್ಟು ಹೋಗಲು ಎಲ್ಲ ತಾಯಂದಿರೂ ತಯಾರಿರಲಿಲ್ಲ. ಚೌಕಟ್ಟು ಗೋಡೆಗೆ ನಿಲ್ಲಲಿಲ್ಲ. ಈಗ ಭಾನುವಾರ ನಮ್ಮ ಪಡಸಾಲೆಯಲ್ಲಿ ಆಕೆ ನಡುವೆ ಕೂರುತ್ತಾಳೆ, ಕಲಿಯುವವರೆಲ್ಲ ಎದುರಿಗೆ. ಅದೆಲ್ಲ ಆಮೇಲಿನ ಮಾತು. ಆ ದಿನ ಅಂಗಳದಲ್ಲಿ ಆಪಾಗೆ ಬೇಕಾಗಿದ್ದದ್ದು ಒಬ್ಬಳ ಉತ್ತರ.

ಅಂಬರೀನ್ ನಿಂತೇ ಇದ್ದಳು. ಅವರಿಬ್ಬರ ಮಾತು ಉರ್ದುವಿನಲ್ಲಿ ನಡೆಯಿತು. ನಮ್ಮ ಊರಿನವರಿಗೆ ಅದಕ್ಕೆ ದುಭಾಷಿ ಬೇಕಿಲ್ಲ, ಆದರೂ ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಅಮ್ಮಿಜಾನ್,” ಎಂದಳು ಅಂಬರೀನ್. “ನನ್ನ ನಿಕಾಹದ ದುಪಟ್ಟಾ?”

ಆಪಾಳ ಸೂಜಿ ನಿಂತಿತು. “ಅದೂ ಇದೇ ಕೈಲೆ ಬೇಟಾ. ಶುರುವಿಂದ ಆಖೈರಿತನಕ.”

“ನನ್ನ ಅಮ್ಮಾ ಅದನ್ನ ನನ್ನ ತಲಿ ಮ್ಯಾಲ ಹಾಕಿ ಬಹಳ ಅತ್ತಿದ್ಲು. ಇಂಥಾದ್ದು ನಮ್ಮ ಖಾನದಾನದಾಗ ಯಾರೂ ಹೊದ್ದಿಲ್ಲ ಅಂದಿದ್ಲು.” ಅಂಬರೀನ್ ಅತ್ತೆಯ ಎಡಗೈಯನ್ನೇ ನೋಡುತ್ತಿದ್ದಳು. ದನಿಯಲ್ಲಿದ್ದದ್ದು ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ. “ನೀವು ನನಗರೇ ಹೇಳಬೇಕಿತ್ತು ಅಮ್ಮಿಜಾನ್. ನಾ ಮೆಹೆಂದಿ ಹಚ್ಚೋದು ನೋಡಿನೂ ಸುಮ್ಮ ಇದ್ರಿ.”

“ಅಂಜಿಕಿ ಇತ್ತು,” ಎಂದಳು ಆಪಾ. “ಊಟ ಈಕಿ ಬಲಗೈಲೆ ಮಾಡ್ಲಿ, ಅದು ನಾ ಕಲಸ್ತೀನಿ, ನಾನೂ ಕಲತಾಕಿ. ಸೂಜಿ ಪೆನ್ಸಿಲ್ ಅಷ್ಟ ಆಕಿ ಕೈ ಕೇಳಿದಂಗ ಇರ್ಲಿ ಬೇಟಾ. ನಿನಗ ಕೈ ಮುಗೀತೀನಿ.”

ಅತ್ತೆ ಕೈ ಎತ್ತುವಷ್ಟರಲ್ಲಿ ಅಂಬರೀನ್ ಅದನ್ನು ಹಿಡಿದುಕೊಂಡಳು. ಆಮೇಲೆ ಬಾಗಿ ಸನಾಳ ಬೆನ್ನ ಹಿಂದಿನ ಕೈಯನ್ನು ಮುಂದಕ್ಕೆ ತಂದಳು. ಮಗಳನ್ನು ಅಂಗಳದ ಮೂಲೆಯ ನಲ್ಲಿಯ ಹತ್ತಿರ ಕರೆದೊಯ್ದಳು. ಬೆರಳ ಸಂದಿಗಳಲ್ಲಿ ಅಂಟಿದ ಮೆಹೆಂದಿಯನ್ನೆಲ್ಲ ಉಜ್ಜಿ ಉಜ್ಜಿ ತೊಳೆದು, ತನ್ನ ದುಪಟ್ಟಾದ ಸೆರಗಿನಿಂದ ಒರೆಸಿದಳು.

“ಮಮ್ಮಿ, ನಾಳಿ ಮತ್ತ ಹಚ್ತಿ ಏನು?” ಎಂದು ಸನಾ ಕೇಳಿದ್ದು ನಮಗೆಲ್ಲ ಕೇಳಿಸಿತು.

“ನಾಳಿ ಇಲ್ಲ,” ಎಂದಳು ಅಂಬರೀನ್. “ಈದಿಗಿ ಹಚ್ತೀನಿ. ಎರಡೂ ಕೈಗಿ.”